ಹಳೇ ಅಲ್ಯೂಮಿನಿಯಂ ದೋಣಿ ಸೋರುತ್ತಿದೆಯಾ? ಏನಾದರೂ ಮೆತ್ತುವ ಮುಂಚೆ ಇದನ್ನು ಓದಿ

ಅಮೆರಿಕದ ಮಿನೆಸೋಟಾಕ್ಕೆ ಬಂದ ಐದನೇ ವರ್ಷ ನಾನೊಂದು ದೋಣಿ ಕೊಂಡೆ. 14 ಅಡಿ ಉದ್ದದ, ರಿವೆಟ್ (ಹಾಳೆಗಳನ್ನು ಸೇರಿಸಿ ಹಿಡಿಯಲು ಜಜ್ಜಿ ಕೂರಿಸುವ ಲೋಹದ ಮೊಳೆ) ಹೊಡೆದ ಹಳೇ ಅಲ್ಯೂಮಿನಿಯಂ ದೋಣಿ. ಜೊತೆಗೆ ತುಕ್ಕು ಹಿಡಿದ ಟ್ರೈಲರ್. ಎರಡೂ ಸೇರಿ 600 ಡಾಲರ್. ಮಾರಿದವರು "ಸ್ವಲ್ಪ ನೀರು ಒಳಗೆ ಬರುತ್ತದೆ, ಅಷ್ಟೇ" ಅಂದಿದ್ದರು. ಆ ಸ್ವಲ್ಪ ಎಷ್ಟು ಅಂತ ಗೊತ್ತಾಗಿದ್ದು ಕೆರೆಯ ಮಧ್ಯಕ್ಕೆ ಹೋದ ಮೇಲೆ, ನನ್ನ ಚಪ್ಪಲಿ ದೋಣಿಯೊಳಗೇ ತೇಲಲು ಶುರುವಾದಾಗ.

ಮನೆಗೆ ತಂದು ಮಗುಚಿ ನೋಡಿದರೆ ತಳದಲ್ಲಿ ಮೂರು ತಲೆಮಾರಿನ ರಿಪೇರಿ. ಒಂದು ಕಡೆ ಬಾತ್‌ರೂಮಿಗೆ ಹಾಕುವ ಸಿಲಿಕೋನ್, ಅದರ ಮೇಲೆ ಕಪ್ಪು ಟಾರು, ಅದರ ಮೇಲೆ ಎಂಥದೋ ರಬ್ಬರ್ ಸ್ಪ್ರೇ. ಇದನ್ನೆಲ್ಲ ಕೆರೆದು ತೆಗೆಯುವುದಕ್ಕೆ ಮೂರು ವಾರಾಂತ್ಯ ಹೋಯಿತು. ನಿಜವಾದ ಸೋರಿಕೆ ಇದ್ದದ್ದು ಹನ್ನೊಂದು ರಿವೆಟ್‌ಗಳಲ್ಲಿ. ಅದನ್ನು ಸರಿ ಮಾಡಲು ಒಂದು ಮಧ್ಯಾಹ್ನ ಸಾಕಾಯಿತು. ಅವತ್ತಿಂದ ಸ್ನೇಹಿತರು ಯಾರಾದರೂ ಹಳೇ ದೋಣಿ ತಂದು "ಏನು ಹಚ್ಚಲಿ ಮಾರಾಯ" ಅಂತ ಕೇಳಿದರೆ ನನ್ನ ಮೊದಲ ಉತ್ತರ ಒಂದೇ: ಸದ್ಯಕ್ಕೆ ಏನೂ ಹಚ್ಚಬೇಡ, ಎಲ್ಲಿ ಸೋರುತ್ತಿದೆ ಹೇಳು.

ನಾನು ಸಾಗರದ ಕಡೆಯವನು. ಶರಾವತಿ ಹಿನ್ನೀರಿನ ಲಾಂಚು, ಮರದ ದೋಣಿ ನೋಡಿ ಬೆಳೆದವನಿಗೆ ಅಲ್ಯೂಮಿನಿಯಂ ಅಂದರೆ ಅನ್ನದ ಪಾತ್ರೆ. ಅದರಲ್ಲಿ ದೋಣಿ ಮಾಡುತ್ತಾರೆ ಅಂತ ಗೊತ್ತಾಗಿದ್ದೇ ಇಲ್ಲಿಗೆ ಬಂದ ಮೇಲೆ. ಇಲ್ಲಿ 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಎರಡನೇ ಮಹಾಯುದ್ಧ ಮುಗಿದಾಗ ವಿಮಾನ ಮಾಡುತ್ತಿದ್ದ ಗ್ರುಮ್ಮನ್ ಕಂಪನಿ ಅದೇ ಹಾಳೆ, ಅದೇ ರಿವೆಟ್ ಕೆಲಸದಿಂದ ಕನೂ ಎಂಬ ಕಿರಿದಾದ ಹುಟ್ಟುದೋಣಿ ಮಾಡಲು ಶುರು ಮಾಡಿತು. ನಮ್ಮ ರಾಜ್ಯದ ನ್ಯೂಯಾರ್ಕ್ ಮಿಲ್ಸ್ ಎಂಬ ಪುಟ್ಟ ಊರಲ್ಲಿ ಲುಂಡ್ ದೋಣಿ ಶುರುವಾದದ್ದು 1948ರಲ್ಲಿ. ಇದನ್ನು ಯಾಕೆ ಹೇಳಿದೆ ಅಂದರೆ, ಈ ದೋಣಿಯ ಜೋಡಣೆ ವಿಮಾನದ ಮೈಯ ಜೋಡಣೆಯ ಹಾಗೇ ಇದೆ. ಸರಿಯಾದ ರಿವೆಟ್ಟು, ಅದನ್ನು ಹೊಡೆಯುವ ಸಾಮಾನು ಸಿಗುವುದು ಕೂಡ ವಿಮಾನ ರಿಪೇರಿ ಸಾಮಾನು ಮಾರುವವರ ಹತ್ತಿರ. ಮೀನುಗಾರಿಕೆ ಅಂಗಡಿಯಲ್ಲಿ ಹುಡುಕಿ ಸುಮ್ನೆ ಸುಸ್ತಾಗಬೇಡಿ.

ಲೋಹದ ಸ್ವಭಾವ ಮೊದಲು

ಅಲ್ಯೂಮಿನಿಯಂಗೆ ಗಾಳಿ ತಾಗಿದ ಕೂಡಲೇ ಮೇಲೆ ಆಕ್ಸೈಡಿನ ತೆಳು ಪದರ ಬೆಳೆಯುತ್ತದೆ. ಅದೇ ಅದರ ರಕ್ಷಣೆ. ಪೇಂಟ್ ಇಲ್ಲದಿದ್ದರೂ ಸಿಹಿನೀರಿನಲ್ಲಿ ದಶಕಗಟ್ಟಲೆ ಬಾಳುವುದು ಅದರಿಂದಲೇ. ಆದರೆ ಹುಳಿ ಆಗಲಿ, ಕ್ಷಾರ ಆಗಲಿ, ಎರಡೂ ಆ ಪದರವನ್ನು ತಿನ್ನುತ್ತವೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಇಡಬೇಡ ಅಂತ ಅಜ್ಜಿ ಬೈಯುತ್ತಿದ್ದರಲ್ಲ, ಅದೇ ಲೆಕ್ಕ. ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರನ್ನು ಡಿಶ್‌ವಾಷರಿಗೆ ಹಾಕಿ ಕಪ್ಪು ಬಳಿದುಕೊಂಡು ಬಂದದ್ದನ್ನು ನೋಡಿದವರಿಗೆ ಕ್ಷಾರದ ಕಥೆಯೂ ಗೊತ್ತು. ಹಾಗಾಗಿ ತಳ ಪಳಪಳ ಹೊಳೆಯಲಿ ಅಂತ ಮ್ಯೂರಿಯಾಟಿಕ್ ಆಸಿಡ್ ಎರಚಬೇಡಿ, ಓವನ್ ಕ್ಲೀನರ್ ಹಚ್ಚಬೇಡಿ. ನೀರಿನ ಬಿಳಿ ಕಲೆಗೆ ಅಡುಗೆಮನೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಉಜ್ಜಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಉಜ್ಜಲು ನೈಲಾನ್ ಪ್ಯಾಡ್ ಅಥವಾ ಸ್ಟೇನ್‌ಲೆಸ್ ಬ್ರಷ್ ಇರಲಿ. ಮಾಮೂಲಿ ಕಬ್ಬಿಣದ ಬ್ರಷ್ ಬೇಡ. ಅದರ ಚೂರುಗಳು ಅಲ್ಯೂಮಿನಿಯಂನಲ್ಲಿ ಕೂತುಬಿಡುತ್ತವೆ, ಆಮೇಲೆ ಚುಕ್ಕಿ ಚುಕ್ಕಿ ತುಕ್ಕು.

ಇದಕ್ಕಿಂತ ದೊಡ್ಡ ಶತ್ರು ತಾಮ್ರ. ಎರಡು ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡು ನೀರಿನಲ್ಲಿ ಕೂತರೆ ಸಣ್ಣ ಬ್ಯಾಟರಿ ಆದ ಹಾಗೆ. ಅದರಲ್ಲಿ ಕರಗುವ ಪಾಲು ಅಲ್ಯೂಮಿನಿಯಂನದು. ನನ್ನ ದೋಣಿಯ ಹಿಂಬದಿಯ ಮೂಲೆಯಲ್ಲಿ ಒಂದು ಸೆಂಟ್ ನಾಣ್ಯ ಸಿಕ್ಕಿತು. ಎಷ್ಟು ವರ್ಷದಿಂದ ಅಲ್ಲಿತ್ತೋ. ತೆಗೆದರೆ ಅದರ ಕೆಳಗೆ ನಾಣ್ಯದಷ್ಟೇ ಅಗಲದ ಬಿಳಿ ಪುಡಿ, ಪುಡಿ ಕೆರೆದರೆ ಒಂದು ಗುಳಿ. ಉಗುರು ಇಟ್ಟರೆ ಕೂರುವಷ್ಟು ಆಳ. ಹಿತ್ತಾಳೆಯ ಗಾಳದ ಸಾಮಾನು, ತಾಮ್ರದ ವೈರಿನ ತುಂಡು, ಚಿಲ್ಲರೆ ಕಾಸು ಯಾವುದನ್ನೂ ತಳದ ನೀರಿನಲ್ಲಿ ಬಿಡಬೇಡಿ. ತಾಮ್ರ ಇರುವ ತಳದ ಪೇಂಟ್ ಕೂಡ ಬೇಡವೇ ಬೇಡ.

ಸೋರುವ ಜಾಗ ಹುಡುಕುವುದು

ಮೊದಲು ಡ್ರೈನ್ ಪ್ಲಗ್, ಅಂದರೆ ಒಳಗಿನ ನೀರು ಬಸಿಯುವ ತೂತಿನ ಬಿರಡೆ, ನೋಡಿ. ನಗಬೇಡಿ. ಪ್ಲಗ್ಗಿನ ರಬ್ಬರು ಒಣಗಿ ಬಿರುಕು ಬಿಟ್ಟಿದ್ದರೆ, ಅಥವಾ ಅದು ಕೂರುವ ಕೊಳವೆಯ ಅಂಚು ಸಡಿಲ ಆಗಿದ್ದರೆ, ಅರ್ಧ ಸಮಸ್ಯೆ ಅಲ್ಲೇ ಇರುತ್ತದೆ. ಕೆಲವು ಡಾಲರಿನ ಕೆಲಸ.

ಅದು ಸರಿ ಇದ್ದರೆ ದೋಣಿಯನ್ನು ಟ್ರೈಲರ್ ಮೇಲೆ ಇಟ್ಟುಕೊಂಡೇ ಒಳಗೆ ನೀರು ತುಂಬಿಸಿ. ಹೊರಗಿನ ನೀರು ಒಳಗೆ ಬರುವ ತೂತಿನಿಂದ ಒಳಗಿನ ನೀರು ಹೊರಗೂ ಬರಲೇಬೇಕಲ್ಲ. ಆದರೆ ತೂಕದ ಅಂದಾಜು ಇರಲಿ. ತಳ 4 ಅಡಿ ಅಗಲ, 10 ಅಡಿ ಉದ್ದ ಅಂತ ಹಿಡಿದರೂ ಬರೀ 3 ಇಂಚು ನೀರು ಅಂದರೆ ಸುಮಾರು 280 ಕಿಲೋ. ಖಾಲಿ ದೋಣಿಯೇ ಸುಮಾರು 100 ಕಿಲೋ ತೂಗುತ್ತದೆ ಅಷ್ಟೇ. ದೋಣಿ ತುಂಬಿ ತುಳುಕುವಷ್ಟು ನೀರು ಬಿಟ್ಟರೆ ತಳ ಬಾಗುತ್ತದೆ, ಟ್ರೈಲರ್ ಕೂಡ ಮುರಿಯಬಹುದು. ಎರಡು ಮೂರು ಇಂಚು ಸಾಕು. ಮೊದಲು ಟ್ರೈಲರಿನ ಮೂತಿ ತಗ್ಗಿಸಿ ಮುಂಭಾಗ ಪರೀಕ್ಷೆ ಮಾಡಿ, ಆಮೇಲೆ ಎತ್ತಿ ಹಿಂಭಾಗ. ಚಕ್ರಕ್ಕೆ ಅಡ್ಡ ಕೊಟ್ಟು, ಟ್ರೈಲರಿನ ಎರಡೂ ತುದಿಗೆ ಗಟ್ಟಿ ಆಸರೆ ಇಟ್ಟ ಮೇಲೆಯೇ ಕೆಳಗೆ ನುಸುಳಿ.

ತಳವನ್ನು ಹೊರಗಿನಿಂದ ಬಟ್ಟೆಯಲ್ಲಿ ಪೂರ್ತಿ ಒರೆಸಿ ಒಣಗಿಸಿ, ರಿವೆಟ್ ಸಾಲುಗಳ ಮೇಲೆ ಟಾಲ್ಕಂ ಪೌಡರ್ ತಟ್ಟಿಬಿಡಿ. ಎಲ್ಲಿ ಒದ್ದೆ ಆಗುತ್ತದೋ ಅಲ್ಲಿ ಪೌಡರ್ ಬಣ್ಣ ತಿರುಗುತ್ತದೆ. ನಮ್ಮನೆಯಲ್ಲಿ ಈ ಕೆಲಸ ಒಂಬತ್ತು ವರ್ಷದ ಮಗಳದು. ಕೈಯಲ್ಲಿ ಮಾರ್ಕರ್ ಹಿಡಿದು ಟ್ರೈಲರ್ ಕೆಳಗೆ ಮಲಗಿ, "ಅಪ್ಪಾ, ಇಲ್ಲೊಂದು. ಅಪ್ಪಾ, ಇದು ಅಳ್ತಾ ಇದೆ" ಅಂತ ಸುತ್ತು ಹಾಕುತ್ತಾ ಹೋದಳು. ಅವಳು ಮೊದಲು ಹಾಕಿದ ಸುತ್ತುಗಳಲ್ಲಿ ಅರ್ಧ ತಪ್ಪು. ತಪ್ಪು ಅವಳದಲ್ಲ. ನೀರು ಒಂದು ಕಡೆ ಹೊರಬಂದು, ತಳದ ಏಣನ್ನು ಹಿಡಿದುಕೊಂಡು ಹರಿದು, ಎರಡು ಅಡಿ ಆಚೆ ತೊಟ್ಟಿಕ್ಕುತ್ತದೆ. ಹನಿ ಬೀಳುವ ಜಾಗಕ್ಕೆ ಗುರುತು ಹಾಕಬೇಡಿ. ಒದ್ದೆಯ ಜಾಡು ಹಿಡಿದು ಮೇಲಕ್ಕೆ ಹೋಗಿ, ಅದು ಶುರುವಾಗುವ ರಿವೆಟ್ಟಿಗೆ ಹಾಕಿ. ಒರೆಸಿ, ಪೌಡರ್ ತಟ್ಟಿ, ಮತ್ತೆ ನೋಡಿ. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ ನೋಡಿ, ನಿಧಾನಕ್ಕೆ ಜಿನುಗುವವು ಆಗ ಕಾಣುತ್ತವೆ.

ಸಾಮಾನ್ಯವಾಗಿ ಸಿಗುವ ಜಾಗಗಳು: ಅಲೆ ಬಡಿಯುವ ಮುಂದಿನ ಮೂರನೇ ಒಂದು ಭಾಗ, ಒಳಗಿನ ಅಡ್ಡಪಟ್ಟಿಗಳ ಸಾಲು, ತಳದ ನಡುಏಣು, ಮತ್ತೆ ಹಿಂದಿನ ಗೋಡೆ ತಳಕ್ಕೆ ಕೂಡುವ ಎರಡು ಮೂಲೆಗಳು. ದೋಣಿ ಅಲೆಯ ಮೇಲೆ ಬಡಿದಾಗೆಲ್ಲ ಹಾಳೆ ಒಂದಿಷ್ಟು ಅಲುಗುತ್ತದೆ, ರಿವೆಟ್ಟು ಸವೆದು ಸಡಿಲ ಆಗುತ್ತದೆ. ಸಡಿಲ ರಿವೆಟ್ಟಿನ ಸುತ್ತ ಎಷ್ಟೋ ಸಲ ಕಪ್ಪು ಮಸಿಯ ಉಂಗುರ ಇರುತ್ತದೆ. ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಉಜ್ಜಿ ಬಂದ ಪುಡಿ ಅದು.

ರಿವೆಟ್ ಬಿಗಿ ಮಾಡುವುದು

ಇದಕ್ಕೆ ಇಬ್ಬರು ಬೇಕು. ಒಬ್ಬರೇ ಮಾಡುವ ಉಪಾಯಗಳನ್ನೆಲ್ಲ ನಾನು ಮಾಡಿ ನೋಡಿದೆ, ಬೆರಳು ನೀಲಿ ಮಾಡಿಕೊಂಡದ್ದೇ ಬಂತು.

ಹೊರಗಡೆ ಕಾಣುವುದು ರಿವೆಟ್ಟಿನ ಗುಂಡು ತಲೆ. ಒಳಗಡೆ ಇರುವುದು ಜಜ್ಜಿ ಚಪ್ಪಟೆ ಮಾಡಿದ ಬಾಲ. ಒಳಗೆ ಕೂತವರು ಆ ಬಾಲಕ್ಕೆ ಮೂರ್ನಾಲ್ಕು ಪೌಂಡಿನ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಬಕಿಂಗ್ ಬಾರ್ ಅಂತ ಮಾರುತ್ತಾರೆ, ನಯವಾದ ಮುಖ ಇರುವ ಯಾವ ಉಕ್ಕಿನ ತುಂಡಾದರೂ ನಡೆಯುತ್ತದೆ. ಹೊರಗಿನವರು ತಲೆಯ ಮೇಲೆ ಹೊಡೆಯಬೇಕು. ತಲೆಯ ಆಕಾರಕ್ಕೆ ಸರಿಯಾಗಿ ಬಟ್ಟಲಿನ ಹಾಗೆ ಗುಳಿ ಇರುವ ಒಂದು ಉಳಿ ಸಿಗುತ್ತದೆ, ರಿವೆಟ್ ಸೆಟ್ ಅಂತ. ಅದನ್ನು ತಲೆಯ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಗಾಳಿ ಸುತ್ತಿಗೆ ಇದ್ದರೆ ಒತ್ತಡ ಆದಷ್ಟು ಕಡಿಮೆ ಇಡಿ. ಬರೀ ಸುತ್ತಿಗೆಯಲ್ಲಿ ನೇರ ಹೊಡೆದರೆ ತಲೆ ಚಪ್ಪಟೆ ಆಗುತ್ತದೆ, ಏಟು ತಪ್ಪಿದರೆ ಹಾಳೆಗೆ ಗುಂಡಿ ಬೀಳುತ್ತದೆ.

ನನ್ನ ಹೆಂಡತಿ ಒಳಗೆ, ನಾನು ಹೊರಗೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಅವಳು ಗಟ್ಟಿ ಒತ್ತಿ ಹಿಡಿದು "ಹ್ಞೂಂ" ಅಂದ ಮೇಲೆ ನಾನು ಎರಡು ಏಟು. ಶಬ್ದದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಸಡಿಲ ರಿವೆಟ್ಟಿಗೆ ಮೊದಲ ಏಟು ಬಿದ್ದಾಗ ಒಡಕು ಪಾತ್ರೆಯ ಹಾಗೆ ಠಳಕ್ ಅನ್ನುತ್ತದೆ, ಎರಡನೆಯದಕ್ಕೋ ಮೂರನೆಯದಕ್ಕೋ ಗಟ್ಟಿ ಠಣ್ ಅಂತ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿ. ನಾಲ್ಕನೇ ರಿವೆಟ್ಟಿನ ಹೊತ್ತಿಗೆ ನಾನು ಹುರುಪಿನಲ್ಲಿ ಎಂಟು ಏಟು ಹಾಕಿದೆ. "ರೀ, ಸಾಕು, ಇಲ್ಲಿ ಬಾಲ ಬಿಟ್ಟುಕೊಳ್ತಾ ಇದೆ" ಅಂತ ಒಳಗಿಂದ ಕೂಗು. ನೋಡಿದರೆ ಅಂಚಿನಲ್ಲಿ ಬಿರುಕು. ಅಲ್ಯೂಮಿನಿಯಂ ಹೊಡೆದಷ್ಟೂ ಗಡುಸಾಗುತ್ತದೆ, ಗಡುಸಾದ ಮೇಲೆ ಒಡೆಯುತ್ತದೆ. ಹಾಗಾಗಿ ಒಂದಕ್ಕೆ ಎರಡು ಮೂರು ಏಟು, ಅಷ್ಟಕ್ಕೂ ಬಿಗಿ ಆಗದಿದ್ದರೆ ಆ ರಿವೆಟ್ ಬದಲಾಯಿಸುವುದೇ ಸರಿ. ಕಿವಿಗೆ ಮುಚ್ಚಳ ಹಾಕಿಕೊಳ್ಳಿ, ಒಳಗೆ ಕೂತವರಿಗಂತೂ ಕಡ್ಡಾಯ. ಅವರು ಕೂತಿರುವುದು ತಮಟೆಯೊಳಗೆ.

ಒಂದು ಸಾಲಿನಲ್ಲಿ ಒಂದು ಸೋರುತ್ತಿದ್ದರೆ ಅದರ ಎರಡೂ ಪಕ್ಕದ ಎರಡೆರಡು ರಿವೆಟ್ಟನ್ನೂ ಒಮ್ಮೆ ತಟ್ಟಿಬಿಡಿ. ಇಲ್ಲದಿದ್ದರೆ ಮುಂದಿನ ವರ್ಷ ಅವುಗಳ ಸರದಿ.

ಬದಲಾಯಿಸಲೇಬೇಕಾದರೆ

ತಲೆಯ ನಡುಮಧ್ಯಕ್ಕೆ ಸೆಂಟರ್ ಪಂಚಿನಿಂದ ಗುರುತು ಹಾಕಿ, ತಲೆಯಷ್ಟನ್ನೇ ಡ್ರಿಲ್ ಮಾಡಿ, ಉಳಿದ ದೇಹವನ್ನು ಪಂಚಿನಿಂದ ಹೊರಗೆ ತಳ್ಳಿ. ಡ್ರಿಲ್ ಬಿಟ್ ಜಾರಿ ತೂತು ಅಂಡಾಕಾರ ಆದರೆ ಮುಂದಿನ ಅಳತೆಯ ರಿವೆಟ್ಟಿಗೆ ಹೋಗಬೇಕಾಗುತ್ತದೆ, ಹಾಗಾಗಿ ಅವಸರ ಬೇಡ. 14 ಅಡಿ ದೋಣಿಗಳಲ್ಲಿ 3/16 ಇಂಚಿನ ರಿವೆಟ್ಟು ಸಾಮಾನ್ಯ. ಆದರೂ ನಿಮ್ಮದನ್ನು ಅಳೆದೇ ತನ್ನಿ.

ಗಟ್ಟಿ ರಿವೆಟ್ಟಿನ ಉದ್ದ ಹೀಗೆ ಲೆಕ್ಕ ಹಾಕಿ: ಹಾಳೆಗಳನ್ನೆಲ್ಲ ದಾಟಿ ಹೊರಬಂದ ಬಾಲ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು ಇರಬೇಕು. ಜಜ್ಜಿದ ಮೇಲೆ ಅದು ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಆಗಿದ್ದರೆ ಕೆಲಸ ಚೆನ್ನಾಗಿದೆ ಅಂತ ಅರ್ಥ. ಹಾಕುವ ಮುಂಚೆ ತೂತಿಗೆ ಒಂದು ಚುಕ್ಕಿ ಮೆರೈನ್ ಪಾಲಿಯುರೆಥೇನ್ ಸೀಲಂಟ್ (ದೋಣಿಯ ಸಂದು ಮುಚ್ಚುವ ಅಂಟು) ಇಡಿ. 3ಎಂ 5200 ಇಲ್ಲಿ ಎಲ್ಲ ಕಡೆ ಸಿಗುತ್ತದೆ. ಅದು ಪೂರ್ತಿ ಗಟ್ಟಿಯಾಗಲು ಐದರಿಂದ ಏಳು ದಿನ ತೆಗೆದುಕೊಳ್ಳುತ್ತದೆ. ಒಮ್ಮೆ ಕಚ್ಚಿದರೆ ಬಿಡುವುದಿಲ್ಲ. ಮುಂದೆ ಬಿಚ್ಚಬೇಕಾದ ಸಾಮಾನಿಗೆ ಅದರ ತಮ್ಮ 4200 ಸಾಕು.

ಕೈ ಹೋಗದ ಜಾಗ, ಉದಾಹರಣೆಗೆ ಸೀಟಿನ ಕೆಳಗೆ, ಒಂದೇ ಕಡೆಯಿಂದ ಹಾಕಬಹುದಾದ ಪಾಪ್ ರಿವೆಟ್ ಹಾಕಲೇಬೇಕಾಗುತ್ತದೆ. ಆದರೆ ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಪಾಪ್ ರಿವೆಟ್ ನಡುವೆ ಟೊಳ್ಳು, ನೀರು ಅದರೊಳಗಿಂದಲೇ ಬರುತ್ತದೆ. ಅದರ ಒಳಗಿನ ಮೊಳೆ ಎಷ್ಟೋ ಸಲ ಕಬ್ಬಿಣದ್ದು. ಬಾಲದ ಕಡೆ ಮುಚ್ಚಿರುವ ಕ್ಲೋಸ್ಡ್ ಎಂಡ್ ರಿವೆಟ್ ಕೇಳಿ ತನ್ನಿ, ಮೈ ಅಲ್ಯೂಮಿನಿಯಂ, ಮೊಳೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್. ನೀರಿನ ಮಟ್ಟದಿಂದ ಕೆಳಗೆ ನಾನಂತೂ ಗಟ್ಟಿ ರಿವೆಟ್ಟನ್ನೇ ನಂಬುತ್ತೇನೆ.

ಈಗ ಮೆತ್ತಬಹುದು

ರಿವೆಟ್ ಎಲ್ಲ ಬಿಗಿ ಆಯಿತು, ಮತ್ತೆ ನೀರು ತುಂಬಿಸಿ ನೋಡಿದಿರಿ, ಒಂದೆರಡು ಕಡೆ ಇನ್ನೂ ಬೆವರುತ್ತಿದೆ. ಈಗ ಹಚ್ಚುವ ಸಾಮಾನಿಗೆ ಅರ್ಥ ಇದೆ. ಗ್ಲುವಿಟ್ ಅಂತ ಎರಡು ಡಬ್ಬಿ ಬೆರೆಸಿ ಬಳಿಯುವ ಎಪಾಕ್ಸಿ ಸೀಲರ್ ಬರುತ್ತದೆ. ತೆಳುವಾಗಿ ಹರಿಯುತ್ತದೆ, ಗಟ್ಟಿಯಾದ ಮೇಲೂ ಸ್ವಲ್ಪ ಬಾಗುತ್ತದೆ, ಹಾಳೆ ಅಲುಗಿದರೆ ಬಿರಿಯುವುದಿಲ್ಲ. ದೋಣಿಯ ಒಳಗಡೆಯಿಂದ ರಿವೆಟ್ ಬಾಲ, ಜೋಡಣೆಯ ಸಾಲುಗಳಿಗೆ ಬ್ರಷ್ಷಿನಲ್ಲಿ ಹಚ್ಚಿ. ಜಾಗ ಸ್ವಚ್ಛ ಇರಬೇಕು, ಪೂರ್ತಿ ಒಣಗಿರಬೇಕು. ಮೊದಲು ಅಸಿಟೋನ್‌ನಲ್ಲಿ ಎಣ್ಣೆ ಜಿಡ್ಡು ಒರೆಸಿ, ಆಮೇಲೆ ಸ್ಯಾಂಡ್‌ಪೇಪರ್, ಮತ್ತೆ ಅಸಿಟೋನ್. ಗ್ಯಾರೇಜ್ ಬಾಗಿಲು ತೆರೆದಿಟ್ಟು, ಮಾಸ್ಕ್, ಕೈಗವಸು ಹಾಕಿಕೊಂಡು ಮಾಡಿ. ಚಳಿಯಲ್ಲಿ ಎಪಾಕ್ಸಿ ಗಟ್ಟಿಯಾಗುವುದೇ ಇಲ್ಲ. ನಾವು ಏಪ್ರಿಲ್ ಕೊನೆಯಲ್ಲಿ ಒಂದು ಬೆಚ್ಚಗಿನ ದಿನಕ್ಕೆ ಕಾಯುತ್ತೇವೆ, ಮೇ ಮಧ್ಯದಲ್ಲಿ ಮೀನಿನ ಸೀಸನ್ ಶುರುವಾಗುವುದರಿಂದ ಹೊಟ್ಟೆಯಲ್ಲಿ ತಳಮಳವೂ ಇರುತ್ತದೆ.

ಸ್ಯಾಂಡ್‌ಪೇಪರ್ ಉಜ್ಜಿದ ಕ್ಷಣದಿಂದಲೇ ಹೊಸ ಆಕ್ಸೈಡ್ ಬೆಳೆಯಲು ಶುರು, ಹಾಗಾಗಿ ಉಜ್ಜಿ ನಾಳೆ ಹಚ್ಚೋಣ ಅಂತ ಇಡಬೇಡಿ. ಗಟ್ಟಿ ಅಂಟು ಬೇಕಾದ ಕಡೆ, ಉದಾಹರಣೆಗೆ ಆ ನಾಣ್ಯದ ಗುಳಿ ತುಂಬುವಾಗ, ನಾನು ಮಾಡಿದ್ದು ಹೀಗೆ. ಎಪಾಕ್ಸಿಯನ್ನು ಮೊದಲು ತೆಳುವಾಗಿ ಬಳಿದು, ಅದು ಹಸಿ ಇರುವಾಗಲೇ ಅದರ ಮೇಲಿಂದಲೇ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ. ಹೊಸದಾಗಿ ತೆರೆದ ಲೋಹಕ್ಕೆ ಗಾಳಿಗಿಂತ ಮೊದಲು ಅಂಟು ತಾಗುತ್ತದೆ. ಬೂದು ಬಣ್ಣದ ಕೆಸರು ಆಗುತ್ತದೆ, ಗಾಬರಿ ಬೇಡ, ಅದರ ಮೇಲೇ ಉಳಿದ ಎಪಾಕ್ಸಿ ತುಂಬಿ.

ಸಿಲಿಕೋನ್ ಯಾಕೆ ಬೇಡ? ಅದು ಅಲ್ಯೂಮಿನಿಯಂಗೆ ಸರಿಯಾಗಿ ಕಚ್ಚುವುದಿಲ್ಲ. ಕಿತ್ತ ಮೇಲೂ ಅದರ ಜಿಡ್ಡು ಉಳಿದು ಬೇರೆ ಯಾವ ಅಂಟೂ, ಪೇಂಟೂ ಕೂರುವುದಿಲ್ಲ. ವಿನೆಗರ್ ವಾಸನೆ ಬರುವ ಸಿಲಿಕೋನ್ ಆದರೆ ಒಣಗುವಾಗ ಹುಳಿಯನ್ನೂ ಬಿಡುತ್ತದೆ. ನಮ್ಮೂರಲ್ಲಿ ಸ್ಕೂಟರಿನ ಪೆಟ್ರೋಲ್ ಟ್ಯಾಂಕ್ ಸೋರಿದರೆ ಸೋಪು ಮೆತ್ತಿ ಗ್ಯಾರೇಜ್ ತನಕ ಹೋಗುತ್ತಿದ್ದೆವಲ್ಲ, ಸಿಲಿಕೋನ್ ಅಷ್ಟೇ ಮಟ್ಟದ ರಿಪೇರಿ, ಸೋಪನ್ನಾದರೂ ತೊಳೆದು ತೆಗೆಯಬಹುದು.

ಇನ್ನೊಂದು ಆಸೆ ಹುಟ್ಟಿಸುವ ಸಾಮಾನು ಅಂದರೆ ಕೈ ಟಾರ್ಚಿನಲ್ಲಿ ಕರಗಿಸಿ ಬೆಸೆಯುವ ಅಲ್ಯೂಮಿನಿಯಂ ಕಡ್ಡಿಗಳು. ವಿಡಿಯೋದಲ್ಲಿ ಬೆಣ್ಣೆಯ ಹಾಗೆ ಕರಗಿ ಕೂರುತ್ತವೆ. ಸಣ್ಣ ತುಂಡಿನ ಮೇಲೆ ಅದು ಸರಿ. ದೋಣಿಯ ದೊಡ್ಡ ಹಾಳೆ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಕೆ ಕೊಡುವುದೂ ಇಲ್ಲ. ಬೆಳ್ಳಗೇ ಇರುತ್ತದೆ, ಇದ್ದಕ್ಕಿದ್ದಂತೆ ಕುಸಿದು ತೂತಾಗುತ್ತದೆ. ಜೊತೆಗೆ ಕಾದ ಜಾಗದ ಗಡಸುತನ ಹೋಗುತ್ತದೆ, ಹತ್ತಿರದಲ್ಲಿ ಸೀಟಿನ ಫೋಮ್ ಇದ್ದರೆ ಬೆಂಕಿಯ ಭಯ. ಬೆಸುಗೆಯೇ ಬೇಕಾದರೆ ಟಿಗ್ ವೆಲ್ಡಿಂಗ್ ಗೊತ್ತಿರುವವರ ಹತ್ತಿರ ಹೋಗಿ. ಹಳೇ ತೆಳು ಹಾಳೆ ನೋಡಿ ಅವರೂ ತಲೆ ಕೆರೆದುಕೊಂಡರೆ ಬೇಜಾರಾಗಬೇಡಿ.

ಬಿರುಕು ಇದ್ದರೆ ಪಟ್ಟಿ ಹಾಕಿ. ಮೊದಲು ಬಿರುಕಿನ ಎರಡೂ ತುದಿಗೆ 1/8 ಇಂಚಿನ ತೂತು ಕೊರೆಯಿರಿ, ಇಲ್ಲದಿದ್ದರೆ ಪಟ್ಟಿಯ ಕೆಳಗೇ ಅದು ಮುಂದುವರಿಯುತ್ತದೆ. 5052 ಎಂಬ ದರ್ಜೆಯ ಅಲ್ಯೂಮಿನಿಯಂ ಹಾಳೆ, ದೋಣಿಯಷ್ಟೇ ದಪ್ಪದ್ದು, ಮೂಲೆಗಳನ್ನು ದುಂಡಗೆ ಕತ್ತರಿಸಿ, ಕೆಳಗೆ ಸೀಲಂಟ್ ಹಾಸಿ, ಸುತ್ತ ಇಂಚಿಗೊಂದರಂತೆ ರಿವೆಟ್ ಹೊಡೆಯಿರಿ. ಸುಮ್ನೆ ಗುಂಡಿ ಬಿದ್ದಿದ್ದರೆ, ಸೋರದಿದ್ದರೆ, ಬಿಟ್ಟುಬಿಡಿ. ಬಡಿದು ನೆಟ್ಟಗೆ ಮಾಡಲು ಹೋಗಿ ಬಿರುಕು ತಂದುಕೊಂಡವರು ಜಾಸ್ತಿ.

ಮೋಟಾರ್ ಕೂರುವ ಹಲಗೆ

ಸೋರಿಕೆಯಿಂದ ಕಾಲು ಒದ್ದೆ ಆಗುತ್ತದೆ ಅಷ್ಟೇ. ಇದು ಕೈಕೊಟ್ಟರೆ ಮೋಟಾರೇ ಕೆರೆಯ ತಳ ಸೇರುತ್ತದೆ. ಹಿಂದಿನ ಗೋಡೆಗೆ ಟ್ರಾನ್ಸಮ್ ಅನ್ನುತ್ತಾರೆ, ಅದರಲ್ಲಿ ಅಲ್ಯೂಮಿನಿಯಂ ಹಾಳೆಗೆ ಒತ್ತಾಗಿ ಪ್ಲೈವುಡ್ ಇರುತ್ತದೆ. ಮೋಟಾರಿನ ಕೆಳತುದಿ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ, ಗೋಡೆ ಬಾಗುತ್ತದಾ ನೋಡಿ. ಸುತ್ತಿಗೆಯ ಹಿಡಿಯಿಂದ ತಟ್ಟಿ, ಒಳ್ಳೆಯ ಮರ ಟಕ್ ಅನ್ನುತ್ತದೆ, ಕೊಳೆತದ್ದು ಬೊದ್ ಅನ್ನುತ್ತದೆ. ನನ್ನದು ಟೀಗೆ ಅದ್ದಿದ ರಸ್ಕಿನ ಹಾಗೆ ಇತ್ತು, ಸ್ಪೂನಿನಲ್ಲೇ ಬಗೆದು ತೆಗೆದೆ.

ಹಳೇ ಹಲಗೆಯನ್ನು ಆದಷ್ಟು ಇಡಿಯಾಗಿ ತೆಗೆದು ಅದನ್ನೇ ಅಚ್ಚು ಮಾಡಿಕೊಳ್ಳಿ. ಸಾಧಾರಣವಾಗಿ 3/4 ಇಂಚಿನ ಎರಡು ಪ್ಲೈವುಡ್ ಅಂಟಿಸಿ ಒಂದೂವರೆ ಇಂಚು ಮಾಡುತ್ತಾರೆ, ನಿಮ್ಮದು ಎಷ್ಟಿತ್ತೋ ಅಷ್ಟು. ಇಲ್ಲಿ ಬಹಳ ಜನ ಮಾಡುವ ತಪ್ಪು ಹೇಳುತ್ತೇನೆ. ನೀರಿಗೆ ಹಾಳಾಗದ ಮರ ಅಂತ ಪ್ರೆಶರ್ ಟ್ರೀಟೆಡ್ ಹಲಗೆ ತರುತ್ತಾರೆ. ಆ ಹಸಿರು ಛಾಯೆ ತಾಮ್ರದ್ದು. ಒದ್ದೆಯಾದಾಗೆಲ್ಲ ಆ ತಾಮ್ರ ಅಲ್ಯೂಮಿನಿಯಂ ತಿನ್ನುತ್ತದೆ. ಮರ ಉಳಿಯುತ್ತದೆ, ದೋಣಿ ಹೋಗುತ್ತದೆ. ನೆಲಹಾಸಿಗೂ, ಟ್ರೈಲರಿನಲ್ಲಿ ದೋಣಿ ಕೂರುವ ಹಲಗೆಗೂ ಇದೇ ಮಾತು. ಮೆರೈನ್ ಪ್ಲೈವುಡ್, ಅಥವಾ ಹೊರಾಂಗಣದ ಒಳ್ಳೇ ಪ್ಲೈವುಡ್ ತಂದು ಎಪಾಕ್ಸಿ ಎರಡು ಮೂರು ಕೋಟ್ ಕೊಡಿ. ಅಂಚುಗಳಿಗೆ ಇನ್ನೊಂದು ಕೋಟ್ ಜಾಸ್ತಿ, ನೀರು ಕುಡಿಯುವುದೇ ಅಂಚು. ಬೋಲ್ಟಿನ ತೂತನ್ನು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೇಕಾದ ಅಳತೆಗೆ ಮತ್ತೆ ಕೊರೆದರೆ ಬೋಲ್ಟು ಮರವನ್ನೇ ಮುಟ್ಟುವುದಿಲ್ಲ. ಸ್ಟೇನ್‌ಲೆಸ್ ಬೋಲ್ಟಿಗೆ ಟೆಫ್‌ಜೆಲ್ ಎಂಬ ಸವೆತ ತಡೆಯುವ ಪೇಸ್ಟ್ ಅಥವಾ ಸೀಲಂಟ್ ಸವರಿ ಹಾಕಿ, ಎರಡು ಲೋಹ ಒಂದಕ್ಕೊಂದು ನೇರ ತಾಗದ ಹಾಗೆ.

ಸೀಟಿನ ಕೆಳಗಿನ ಫೋಮ್ ಎಸೆಯಬೇಡಿ. ಜಾಗ ಸಿಗುತ್ತದೆ ಅಂತ ತೆಗೆದು ಗಾಳದ ಡಬ್ಬ ಇಡುವವರನ್ನು ನೋಡಿದ್ದೇನೆ. ದೋಣಿಯಲ್ಲಿ ನೀರು ತುಂಬಿದಾಗ ಅದನ್ನು ಮುಳುಗದ ಹಾಗೆ ಹಿಡಿಯುವುದೇ ಆ ಫೋಮ್. ಅದು ನೀರು ಕುಡಿದು ಭಾರ ಆಗಿದ್ದರೆ ತೆಗೆದು ಅಷ್ಟೇ ಗಾತ್ರದ ಹೊಸದು ಹಾಕಿ. ಗುಲಾಬಿ ಅಥವಾ ನೀಲಿ ಬಣ್ಣದ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಲಗೆ ಕತ್ತರಿಸಿ ತುರುಕಬಹುದು. ಪೆಟ್ರೋಲ್ ತಾಗಿದರೆ ಕರಗುತ್ತದೆ, ಟ್ಯಾಂಕಿನ ಹತ್ತಿರ ಬೇಡ.

ವೈರಿಂಗ್ ಬಗ್ಗೆ ಎರಡೇ ಮಾತು. ಕಾರಿನ ಹಾಗೆ ದೋಣಿಯ ಮೈಯನ್ನು ನೆಗೆಟಿವ್ ಮಾಡಿಕೊಳ್ಳಬೇಡಿ, ಕರೆಂಟು ನೀರಿನ ಮೂಲಕ ಓಡಾಡಿ ಹಾಳೆಯನ್ನು ಕೊರೆಯುತ್ತದೆ. ಪ್ರತಿಯೊಂದಕ್ಕೂ ಎರಡು ವೈರು ಎಳೆಯಿರಿ, ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಇಡಿ.

ಪೇಂಟ್ ಬೇಕೇಬೇಕು ಅಂತಿಲ್ಲ. ಚಂದಕ್ಕೆ ಬೇಕಾದರೆ ಜಿಡ್ಡು ತೆಗೆದು, ಉಜ್ಜಿ, ಅಲ್ಯೂಮಿನಿಯಂಗೆ ಅಂತಲೇ ಬರುವ ಸೆಲ್ಫ್ ಎಚಿಂಗ್ ಪ್ರೈಮರ್ ಹಾಕಿ, ಆಮೇಲೆ ಬಣ್ಣ. ಪ್ರೈಮರ್ ಬಿಟ್ಟು ನೇರ ಹಚ್ಚಿದ ಬಣ್ಣ ಮೊದಲ ಬೇಸಿಗೆಯಲ್ಲೇ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸಬೇಡಿ, ನೀರು ಹಾಕಿ ಉಜ್ಜಿ. ಅದರಲ್ಲಿ ಏನೇನಿದೆಯೋ ನಮಗೆ ಗೊತ್ತಿರುವುದಿಲ್ಲ.

ಚಳಿಗಾಲಕ್ಕೆ

ಅಕ್ಟೋಬರ್ ಕೊನೆಗೆ ದೋಣಿ ಎತ್ತುತ್ತೇವೆ. ನೀರು ಹೆಪ್ಪುಗಟ್ಟುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಹಾಳೆಗಳ ನಡುವೆ, ಸೀಟಿನ ಕೆಳಗೆ, ಒದ್ದೆ ಫೋಮಿನಲ್ಲಿ ಉಳಿದ ನೀರು ಜನವರಿಯಲ್ಲಿ ಸದ್ದಿಲ್ಲದೆ ರಿವೆಟ್ ಸಡಿಲ ಮಾಡುತ್ತದೆ. ಒಳಗಿನ ಕಾರ್ಪೆಟ್ ಕಿತ್ತು ಹಾಕಿ, ಕೊಳೆತ ಎಲೆ ಗುಡಿಸಿ. ಒದ್ದೆ ಕಸ ಮುಚ್ಚಿಕೊಂಡು ಕೂತ ಜಾಗದಲ್ಲೇ ಆ ಬಿಳಿ ಪುಡಿ ಹುಟ್ಟುವುದು. ಮೋಟಾರಿನ ಗೇರ್ ಎಣ್ಣೆ ಒಂದು ಹನಿ ತೆಗೆದು ನೋಡಿ, ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ನೀರು ಸೇರಿದೆ, ಈಗಲೇ ಬದಲಾಯಿಸಿ, ಇಲ್ಲದಿದ್ದರೆ ಹೆಪ್ಪುಗಟ್ಟಿ ಕೇಸಿಂಗ್ ಒಡೆಯುತ್ತದೆ. ಜಾಗ ಇದ್ದರೆ ದೋಣಿಯನ್ನು ಮಗುಚಿ ಎರಡು ಮರದ ದಿಮ್ಮಿಯ ಮೇಲೆ ಇಡಿ. ಟ್ರೈಲರ್ ಮೇಲೇ ಇರಬೇಕಾದರೆ ಮೂತಿ ಎತ್ತಿ, ಪ್ಲಗ್ ಬಿಚ್ಚಿ, ಮೇಲೆ ಇಳಿಜಾರಾಗಿ ಹೊದಿಕೆ ಕಟ್ಟಿ, ಹಿಮ ನಿಲ್ಲದ ಹಾಗೆ.

ಮಿನೆಸೋಟಾದಲ್ಲಿ ರಸ್ತೆಯ ಮೇಲೆ ದೋಣಿ ಎಳೆದುಕೊಂಡು ಹೋಗುವಾಗಲೂ ಪ್ಲಗ್ ಬಿಚ್ಚಿರಬೇಕು ಅಂತ ಕಾನೂನೇ ಇದೆ, ಒಂದು ಕೆರೆಯ ಜೀಬ್ರಾ ಮಸಲ್ ಎಂಬ ಹಾವಳಿ ಕೊಡುವ ಚಿಪ್ಪುಜೀವಿ ಇನ್ನೊಂದು ಕೆರೆಗೆ ಹೋಗಬಾರದು ಅಂತ. ಹಾಗಾಗಿ ಬಿಚ್ಚುವುದು ಅಭ್ಯಾಸ ಆಗಿದೆ. ಹಾಕುವುದು ಅಭ್ಯಾಸ ಆಗುವುದು ಕಷ್ಟ. ಹನ್ನೊಂದು ರಿವೆಟ್ ಬಿಗಿ ಮಾಡಿ, ಗ್ಲುವಿಟ್ ಬಳಿದು, ಟ್ರಾನ್ಸಮ್ ಬದಲಾಯಿಸಿ, ಮೇ ತಿಂಗಳ ಶನಿವಾರ ಬೆಳಗ್ಗೆ ಐದೂವರೆಗೆ ಜಂಬದಿಂದ ನೀರಿಗಿಳಿಸಿದ ದೋಣಿಯಲ್ಲಿ ಹತ್ತೇ ನಿಮಿಷಕ್ಕೆ ಪಾದ ಮುಳುಗಿತು. ಪ್ಲಗ್ ಕಾರಿನ ಕಪ್ ಹೋಲ್ಡರಿನಲ್ಲಿತ್ತು. ಈಗ ಅದು ಮೋಟಾರಿನ ಕೀಗೊಂಚಲಿನಲ್ಲೇ ನೇತಾಡುತ್ತದೆ.